ಲಾರಿ ತುಂಬುವಷ್ಟು ಸರಕಿಲ್ಲದಿದ್ದರೆ ಕಡಿಮೆ ಖರ್ಚಿನಲ್ಲಿ ಕಳಿಸೋದು ಹೇಗೆ?

ಪೂರ್ತಿ ಲಾರಿ ಹಿಡಿಯಬೇಡಿ. ಬೇರೆಯವರ ಸರಕಿನ ಜೊತೆ ನಿಮ್ಮದನ್ನೂ ಹಾಕುವ ಪಾರ್ಟ್ ಲೋಡ್ ಬುಕ್ ಮಾಡಿ. ಲಾರಿ ಅರ್ಧ ತುಂಬಿದರೂ ಡ್ರೈವರ್ ಸಂಬಳ, ಟೋಲ್ ಎಲ್ಲಾ ಅಷ್ಟೇ ಅಲ್ವಾ? ಆ ಖರ್ಚು ಹಲವರಿಗೆ ಹಂಚಿಹೋಗುತ್ತದೆ.

ಆದರೆ ಬಾಡಿಗೆ ಬರೀ ತೂಕದ ಮೇಲಲ್ಲ, ಜಾಗದ ಮೇಲೂ ಬೀಳುತ್ತದೆ. 60×50×40 ಸೆಂ.ಮೀ. ಡಬ್ಬ ತಗೊಳ್ಳಿ. ಜಾಗವನ್ನು ತೂಕದ ಲೆಕ್ಕಕ್ಕೆ ತರಲು ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 24 ಕೆಜಿ. ಒಳಗೆ 8 ಕೆಜಿ ಸರಕಿದ್ದರೂ ಬಿಲ್ 24 ಕೆಜಿಗೆ! (ಈ 5000 ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಮೊದಲೇ ಕೇಳಿ.) ಹಾಗಾಗಿ ದೊಡ್ಡ ಡಬ್ಬದಲ್ಲಿ ಸುಮ್ನೆ ಗಾಳಿ ಕಳಿಸಬೇಡಿ. ಮೇಲೆ ಇನ್ನೊಂದು ಡಬ್ಬ ಇಡಲಾಗದಿದ್ದರೆ ಆ ಖಾಲಿ ಜಾಗಕ್ಕೂ ದುಡ್ಡು ಕೇಳಬಹುದು.

ದಾರಿಯಲ್ಲಿ ಇಳಿಸಿ ಹತ್ತಿಸುವುದು ಇದ್ದರೆ ತಲುಪಲು ಟೈಮ್ ಜಾಸ್ತಿ ಬೇಕು. ಪ್ಯಾಕಿಂಗೂ ಗಟ್ಟಿಯಾಗಿರಲಿ.