ಕಾಫಿ ಪಲ್ಪಿಂಗ್ ಸೀಸನ್ನೂ ಎಂಎಸ್ಸಿ ಪರೀಕ್ಷೆನೂ ಒಟ್ಟಿಗೆ ಬಂದ್ರೆ?

ಪ್ರಶ್ನೆ: ಅಕ್ಕ ನಮಸ್ತೆ. ನಂಗೆ 29 ವರ್ಷ, ಸೋಮವಾರಪೇಟೆ ಹತ್ರ ಊರು. ಬಿಎಸ್ಸಿ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮಾಡಿದೀನಿ, ಐದು ವರ್ಷದಿಂದ ಒಂದು ಸಂಸ್ಥೆಲಿ ಫೀಲ್ಡ್ ಅಸಿಸ್ಟೆಂಟ್. ತೋಡು (ಸಣ್ಣ ಹಳ್ಳ), ಹೊಳೆ ನೀರಿನ ಸ್ಯಾಂಪಲ್ ತೆಗೆಯೋದು, ಕಿಟ್ಟಲ್ಲಿ ಟೆಸ್ಟ್ ಮಾಡೋದು, ರಿಪೋರ್ಟಿಗೆ ಅಂಕಿ ತುಂಬೋದು ನನ್ನ ಕೆಲಸ. ನನ್ನ ಆಮೇಲೆ ಸೇರಿದ ಎಂಎಸ್ಸಿಯವರು ನಂಗಿಂತ ಮೇಲೆ ಹೋಗ್ತಿದಾರೆ, ಅವರಿಗೆ ತೋಡು ಎಲ್ಲಿದೆ ಅಂತ ತೋರ್ಸೋಳು ನಾನು. ಮಗಳಿಗೆ ಮೂರು ವರ್ಷ, ಮನೇಲಿ ಎರಡು ಎಕರೆ ತೋಟ, ಕೆಲಸ ಬಿಡೋ ಹಾಗಿಲ್ಲ. ಆನ್‌ಲೈನಲ್ಲಿ ಪರಿಸರ ವಿಜ್ಞಾನ ಎಂಎಸ್ಸಿ ಮಾಡಿದ್ರೆ ಬೆಲೆ ಇದೆಯಾ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ. ಯಾರೋ ಒಬ್ರು ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸ್ತೀನಿ ಅಂತ ದಿನಾ ಫೋನ್ ಮಾಡ್ತಿದಾರೆ.

ಉತ್ತರ: ತಂಗಿ, ಅಕ್ಕ ಅಂದಿದೀಯ, ನಾನೂ ನೀನು ಅಂತಲೇ ಮಾತಾಡ್ತೀನಿ. ಮೊದಲು ಆ ಒಂದೇ ವರ್ಷದವರ ನಂಬರ್ ಬ್ಲಾಕ್ ಮಾಡು. ನಾನು ಕೆಲಸ ಮಾಡ್ತಾ ಓದೋಕೆ ಹೊರಟಾಗ ಹೀಗೇ ಒಬ್ರ ಕೈಗೆ 18 ಸಾವಿರ ಕೊಟ್ಟೆ, ರಸೀದಿ ಬಂತು, ಪುಸ್ತಕ ಬರಲೇ ಇಲ್ಲ, ಆಮೇಲೆ ಗೊತ್ತಾಯ್ತು ಆ ಕೋರ್ಸಿಗೆ ಮಾನ್ಯತೆನೇ ಇರ್ಲಿಲ್ಲ ಅಂತ. ಮೂರು ವರ್ಷದ ಬಿಎಸ್ಸಿ ಮಾಡಿದವರಿಗೆ ಎರಡು ವರ್ಷದ ಎಂಎಸ್ಸಿನ ಒಂದು ವರ್ಷಕ್ಕೆ ಇಳಿಸೋ ದಾರಿ ಯಾರ ಹತ್ರನೂ ಇಲ್ಲ.

ಬೆಲೆ ಇದೆಯಾ ಅಂದ್ರೆ, ಇದೆ. ಮಾನ್ಯತೆ ಇರೋ ಸಂಸ್ಥೆಯಿಂದ ದೂರಶಿಕ್ಷಣದಲ್ಲಾಗ್ಲಿ ಆನ್‌ಲೈನಲ್ಲಾಗ್ಲಿ ಪಡೆದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಸೆಪ್ಟೆಂಬರಲ್ಲೇ ಸ್ಪಷ್ಟವಾಗಿ ಹೇಳಿದೆ. ಆದ್ರೆ ಮಾನ್ಯತೆ ಅನ್ನೋದು ಯೂನಿವರ್ಸಿಟಿ ಹೆಸರಿಗಲ್ಲ, ಆ ಕೋರ್ಸಿಗೆ, ಆ ವರ್ಷಕ್ಕೆ. ಮೈಸೂರಿನ ನಮ್ಮ ಮುಕ್ತ ವಿವಿ 1996ರಿಂದ ಇರೋದು, ಸರ್ಕಾರಿ, ಆದ್ರೂ 2013ರಿಂದ ಆಚೆಗೆ ಮಾನ್ಯತೆ ಗೊಂದಲದಲ್ಲಿ ಎಷ್ಟು ಮಕ್ಕಳು ಒದ್ದಾಡಿದ್ರು, 2018ರಲ್ಲಿ ಅದು ವಾಪಸ್ ಸಿಕ್ತು. ಅದಕ್ಕೇ ಹೇಳೋದು, ದುಡ್ಡು ಕಟ್ಟೋ ದಿನ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿ ತೆಗೆದು ನಿನ್ನ ಕೋರ್ಸಿನ ಹೆಸರು ನೀನೇ ಕಣ್ಣಾರೆ ನೋಡು.

ಇನ್ನೊಂದು ವಿಷಯ, ಎಲ್ರೂ ಆನ್‌ಲೈನ್ ಅಂತಾರೆ, ನಿನಗೆ ಬೇಕಿರೋದು ಬಹುಶಃ ದೂರಶಿಕ್ಷಣ. ಪರಿಸರ ವಿಜ್ಞಾನದಲ್ಲಿ ಲ್ಯಾಬ್ ಇರುತ್ತೆ, ಹನಿ ಹನಿ ದ್ರಾವಣ ಹಾಕಿ ಅಳೆಯೋ ಟೈಟ್ರೇಶನ್ನನ್ನ ಫೋನಲ್ಲಿ ನೋಡಿ ಕಲಿಯೋಕಾಗಲ್ಲ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ಎಂಎಸ್ಸಿ ಪರಿಸರ ವಿಜ್ಞಾನ ಬೇರೆ, ಎಂಎ ಪರಿಸರ ಅಧ್ಯಯನ ಬೇರೆ, ಹೆಸರು ಹತ್ತಿರ ಹತ್ತಿರ ಇರೋದ್ರಿಂದ ಸುಮಾರು ಜನ ಅಪ್ಲಿಕೇಶನ್ ಹಾಕುವಾಗ ಎಡವ್ತಾರೆ. ನೀರಿನ ಲ್ಯಾಬಲ್ಲಿ ಮೇಲೆ ಹೋಗ್ಬೇಕು ಅಂದ್ರೆ ಎಂಎಸ್ಸಿನೇ ಆಗ್ಬೇಕು. ಮುಂದೆ ಯಾವ ಹುದ್ದೆ ಮೇಲೆ ಕಣ್ಣಿದೆಯೋ ಅದರ ಹಳೇ ನೇಮಕಾತಿ ನೋಟಿಫಿಕೇಶನ್ ಒಂದೆರಡು ಹುಡುಕಿ ಅಲ್ಲಿ ಯಾವ ಡಿಗ್ರಿ ಹೆಸರು ಬರೆದಿದಾರೆ ನೋಡ್ಕೋ. ಪ್ರಾಕ್ಟಿಕಲ್ಲಿಗೆ ಯಾವ ಊರಿಗೆ ಹೋಗ್ಬೇಕು, ಸಾಲಾಗಿ ಎಷ್ಟು ದಿನ ಅಂತ ಸೇರೋ ಮೊದಲೇ ಫೋನ್ ಮಾಡಿ ಕೇಳು, ಮಗಳನ್ನ ಯಾರ ಹತ್ರ ಬಿಡೋದು ಅನ್ನೋದು ಅದರ ಮೇಲೇ ನಿಂತಿರೋದು.

ಈಗ ನಮ್ಮ ಕೊಡಗಿನ ಕಷ್ಟಕ್ಕೆ ಬರ್ತೀನಿ. ಇಗ್ನೋ ಪರೀಕ್ಷೆ ಬರೋದು ಜೂನಲ್ಲಿ, ಡಿಸೆಂಬರಲ್ಲಿ. ಜೂನ್ ಅಂದ್ರೆ ಮಳೆ ಹಿಡ್ಕೊಂಡಿರುತ್ತೆ, ಡಿಸೆಂಬರ್ ಅಂದ್ರೆ ಅರೇಬಿಕಾ ಕಾಫಿ ಕುಯ್ಲು, ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪಿಂಗು, ಅಂಗಳದಲ್ಲಿ ಕಾಫಿ, ಜೊತೆಗೆ ನಿನ್ನ ಸ್ಯಾಂಪಲ್ ಕೆಲಸನೂ ಆಗಲೇ ಜಾಸ್ತಿ. ಎರಡು ವರ್ಷದಲ್ಲೇ ಮುಗಿಸ್ತೀನಿ ಅಂತ ಹಟ ಹಿಡೀಬೇಡ, ನಾಲ್ಕು ವರ್ಷದವರೆಗೆ ಅವಕಾಶ ಇದೆ, ಒಂದು ಸಲಕ್ಕೆ ಎರಡೋ ಮೂರೋ ಪೇಪರ್ ಬರಿ ಸಾಕು. ಜಾಸ್ತಿ ಪೇಪರ್ ಜೂನಿಗೆ ಇಟ್ಕೋ, ಯಾಕಂದ್ರೆ ಮಾರ್ಚಿಂದ ಮೇವರೆಗೆ ಕುಯ್ಲು ಮುಗಿದು ಕೈ ಸ್ವಲ್ಪ ಖಾಲಿ ಇರುತ್ತೆ, ಹೂಮಳೆ ಬಂದು ತೋಟ ಘಮ್ ಅಂತಿರೋ ಆ ದಿನಗಳಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಎದ್ರೆ ಮಗಳು ಏಳೋ ಹೊತ್ತಿಗೆ ಒಂದೂವರೆ ಗಂಟೆ ಓದು ಆಗಿರುತ್ತೆ. ಪಾಠದ ಪಿಡಿಎಫ್, ವಿಡಿಯೋ ಎಲ್ಲ ಮೇ ಒಳಗೇ ಡೌನ್‌ಲೋಡ್ ಮಾಡ್ಕೋ, ಮುಖ್ಯವಾದ್ದನ್ನ ಪ್ರಿಂಟ್ ತೆಗೆಸು, ಕರೆಂಟ್ ಹೋದ್ರೂ ಕಾಗದ ಓದಬಹುದು. ಅಸೈನ್‌ಮೆಂಟಿಗೆ ಸಾಮಾನ್ಯವಾಗಿ ನೂರಕ್ಕೆ 30ರ ತೂಕ ಇರುತ್ತೆ, ಅದನ್ನ ಕೊನೇ ದಿನ ಅಪ್‌ಲೋಡ್ ಮಾಡ್ತೀನಿ ಅಂತ ಕೂತ್ರೆ ಆವತ್ತೇ ಟವರ್ ಹೋಗಿರುತ್ತೆ. ಜೂನ್ ಪರೀಕ್ಷೆಗೆ ಹಿಂದಿನ ದಿನವೇ ಹೋಗಿ ಉಳ್ಕೋ, 2018ರ ಆಗಸ್ಟಲ್ಲಿ ರಸ್ತೆಗಳೇ ಕೊಚ್ಚಿಹೋಗಿದ್ದು ನೋಡಿದ ಮೇಲೆ ಬೆಳಗಿನ ಬಸ್ ನಂಬಿ ಪರೀಕ್ಷೆಗೆ ಹೊರಡು ಅಂತ ನಾನು ಯಾರಿಗೂ ಹೇಳಲ್ಲ.

ನಿನ್ನ ಕಾಗದದಲ್ಲಿ ನಂಗೆ ತುಂಬಾ ಹಿಡಿಸಿದ್ದು ಆ ತೋಡು ತೋರ್ಸೋ ಮಾತು. ಪ್ರಾಜೆಕ್ಟ್ ಅಂತ ಬಂದಾಗ ಬೇರೆ ಎಲ್ಲೂ ಹುಡುಕ್ಬೇಡ, ಅದೇ ತೋಡು ತಗೋ. ಪಲ್ಪರ್ (ಸಿಪ್ಪೆ ಸುಲಿಯೋ ಯಂತ್ರ) ನೀರಲ್ಲಿ ಹಣ್ಣಿನ ಸಕ್ಕರೆ, ಪೆಕ್ಟಿನ್ ಅನ್ನೋ ಅಂಟಂಶ ಇರುತ್ತೆ, ಅದು ಹುಳಿ ಬಂದು ತೋಡಿಗೆ ಸೇರಿದ್ರೆ ಸೂಕ್ಷ್ಮಜೀವಿಗಳು ಅದನ್ನ ತಿಂತಾ ನೀರಲ್ಲಿರೋ ಆಮ್ಲಜನಕ ಎಳ್ಕೊಳ್ತವೆ, ಮೀನು ಮೇಲೆ ತೇಲುತ್ತೆ. ಪಲ್ಪರಿಗಿಂತ ಮೇಲೆ ಒಂದು ಜಾಗ, ಕೆಳಗೆ ಎರಡು ಜಾಗ, ಸೀಸನ್ ಶುರುವಾಗೋ ಮೊದಲು, ನಡುವೆ, ಆಮೇಲೆ ಅಂತ ತೆಗಿ. ಕರಗಿದ ಆಮ್ಲಜನಕನ ತೋಡಿನ ದಡದಲ್ಲೇ ರಾಸಾಯನಿಕ ಹಾಕಿ ಫಿಕ್ಸ್ ಮಾಡ್ಬೇಕು, ಬಿಓಡಿ (ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸ್ತವೆ ಅನ್ನೋ ಅಳತೆ) ಸ್ಯಾಂಪಲ್ ಐಸಲ್ಲಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸ್ಬೇಕು. ಹಳೇ ಪುಸ್ತಕಗಳಲ್ಲಿ ಬಿಓಡಿ ಸ್ಯಾಂಪಲ್ 20 ಡಿಗ್ರಿಲಿ 5 ದಿನ ಇಡ್ಬೇಕು ಅಂತಿರುತ್ತೆ, ನಮ್ಮ ದೇಶದಲ್ಲಿ 27 ಡಿಗ್ರಿಲಿ 3 ದಿನದ ಪದ್ಧತಿ ಬಳಸ್ತಾರೆ, ಯಾವುದು ಮಾಡಿದೆ ಅಂತ ಬರೀಲೇಬೇಕು. ನಿನ್ನ ಐದು ವರ್ಷದ ಅಂಕಿ ಸಂಸ್ಥೆಯದ್ದು, ಬಳಸೋ ಮೊದಲು ಲಿಖಿತ ಅನುಮತಿ ತಗೋ, ತೋಟದ ಯಜಮಾನ್ರ ಹೆಸರು ಎಲ್ಲೂ ಹಾಕ್ಬೇಡ, ನಾಳೆ ಅದೇ ತೋಟದ ಗೇಟ್ ದಾಟಿ ನೀನು ಹೋಗ್ಬೇಕು.

ನಿಮ್ಮ ಮೇಲಿನವರ ಹತ್ರ ಈಗಲೇ ಮಾತಾಡು. ಪರೀಕ್ಷೆಗೆ, ಪ್ರಾಕ್ಟಿಕಲ್ಲಿಗೆ ಎಷ್ಟು ರಜೆ ಸಿಗುತ್ತೆ, ಡಿಗ್ರಿ ಆದ್ಮೇಲೆ ಹುದ್ದೆ ಬದಲಾಗುತ್ತಾ ಅಂತ ಕೇಳು, ಉತ್ತರ ಇಮೇಲಲ್ಲಿ ಇರ್ಲಿ. ಆಗಲ್ಲ ಅಂದ್ರೂ ಓದು ಬಿಡ್ಬೇಡ, ನೀನು ಬೇರೆ ಕಡೆ ಹೋಗೋಕೆ ಆ ಡಿಗ್ರಿನೇ ಬೇಕಾಗುತ್ತೆ.

ಪ್ರಶ್ನೆ: ನಾನು ವಿರಾಜಪೇಟೆ ಕಡೆ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್, ಬಿಕಾಂ, ವಯಸ್ಸು 41. ಭೂಕುಸಿತ ಆದ್ಮೇಲೆ ಪರಿಸರದ ಬಗ್ಗೆ ಸರಿಯಾಗಿ ಓದ್ಬೇಕು ಅನ್ನಿಸ್ತಿದೆ ಮೇಡಂ, ನಂಗೆ ದಾರಿ ಇದೆಯಾ?

ಉತ್ತರ: ಖಂಡಿತ ಇದೆ ಸರ್. ಬಿಕಾಂ ಮೇಲೆ ಎಂಎಸ್ಸಿ ಕಷ್ಟ, ಆದ್ರೆ ಮೇಲೆ ಹೇಳಿದ ಎಂಎ ಪರಿಸರ ಅಧ್ಯಯನಕ್ಕೆ ಯಾವುದೇ ಪದವಿ ಆದ್ರೂ ನಡೆಯುತ್ತೆ. ತಕ್ಷಣ ಫೀಸ್ ಕಟ್ಬೇಡಿ, ಮೊದಲು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ಸ್ವಯಂ ಪೋರ್ಟಲ್ಲಲ್ಲಿ ಎನ್‌ಪಿಟಿಇಎಲ್‌ನ (ಐಐಟಿಗಳೆಲ್ಲ ಸೇರಿ ನಡೆಸೋ ಪಾಠಗಳು) ಒಂದು ಎಂಟು ವಾರದ ಕೋರ್ಸಿಗೆ ಸೇರ್ಕೊಳ್ಳಿ, ಪಾಠ ಪೂರ್ತಿ ಉಚಿತ, ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಪರೀಕ್ಷೆ ಶುಲ್ಕ. ಮಸ್ಟರ್ ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆದು ಮುಗಿದ ಮೇಲೆ ರಾತ್ರಿ ಒಂದು ಗಂಟೆ ಕೂರೋಕಾಗುತ್ತಾ ಅಂತ ಆ ಎಂಟು ವಾರದಲ್ಲಿ ನಿಮಗೇ ಗೊತ್ತಾಗುತ್ತೆ, ಆಗುತ್ತೆ ಅನ್ನಿಸಿದ್ರೆ ಮುಂದಿನ ಜುಲೈ ಅಡ್ಮಿಶನ್ನಿಗೆ ಅರ್ಜಿ ಹಾಕಿ.