ವಿಯೆನ್ನಾ ಸಮ್ಮೇಳನಕ್ಕೆ ಮೊದಲ ಸಲ ಹೊರಟ ತಂಗಿಗೆ

ತಂಗಿ, ನಮ್ಮ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಅಡಿಕೆ ತೋಟದ ಮಣ್ಣಿನ ಇಂಗಾಲದ ಬಗ್ಗೆ ನೀವು ಮಾಡಿದ ಕೆಲಸ ಏಪ್ರಿಲ್‌ನ ವಿಯೆನ್ನಾ ಭೂವಿಜ್ಞಾನ ಸಮ್ಮೇಳನಕ್ಕೆ ಪೋಸ್ಟರ್ ಆಗಿ ಆಯ್ಕೆಯಾಗಿದೆ. ಇದು ಮೊದಲ ವಿದೇಶ ಪ್ರಯಾಣ, ಮೊಟ್ಟೆನೂ ತಿನ್ನುವುದಿಲ್ಲ, ಫೆಲೋಶಿಪ್ ದುಡ್ಡಲ್ಲೇ ಎಲ್ಲ ಮುಗಿಸಬೇಕು, ಕೊನೆಗೆ ಒಂದು ದಿನ ಬಿಡುವಿದೆ ಎಂದಿದ್ದೀರಿ. ತೋಟದ ಮಣ್ಣನ್ನು ಬಾಟಲಿಯಲ್ಲಿ ಒಯ್ಯಬಹುದಾ ಅಂತಲೂ ಕೇಳಿದ್ದೀರಿ. ನಾನು 2019 ಮತ್ತು 2023ರಲ್ಲಿ ಅದೇ ಸಮ್ಮೇಳನಕ್ಕೆ ಹೋಗಿದ್ದೆ. ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಮೊದಲು ಮಣ್ಣಿನ ವಿಷಯ. ಬೇಡವೇ ಬೇಡ. ಹೊರದೇಶದ ಮಣ್ಣು ಯುರೋಪಿನ ಒಕ್ಕೂಟದೊಳಗೆ ಹೋಗುವಂತಿಲ್ಲ. ಸಂಶೋಧನೆಗೆ ಬೇಕೆಂದರೂ ಮೊದಲೇ ಅನುಮತಿ ಪಡೆದಿರಬೇಕು, ಕೈಚೀಲದಲ್ಲಿ ಇಟ್ಟುಕೊಂಡು ಹೋಗುವ ವಸ್ತು ಅದಲ್ಲ. ತೋಟಕ್ಕೆ ಹಾಕಿಕೊಳ್ಳುವ ಶೂ ಒಯ್ಯುತ್ತೀರಾದರೆ ಅಡಿಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ. ಬೀಜ, ಸಸಿ, ಹಸಿ ಕರಿಬೇವು, ಹಣ್ಣು ಇವಕ್ಕೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಿಲ್ಲದೆ ಒಯ್ಯಬಹುದಾದ ಹಣ್ಣು ಐದೇ: ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡೂರಿಯನ್. ತುಪ್ಪ, ಪೇಡ, ಕುಂದಾ ಕೂಡ ಬೇಡ. ಹಾಲಿನ ಪದಾರ್ಥಕ್ಕೂ ಮಾಂಸಕ್ಕೂ ಅಲ್ಲಿ ತಡೆ ಇದೆ.

ಮಣ್ಣಿನ ಬದಲು ನಾನು ಮಾಡಿದ್ದನ್ನು ಹೇಳುತ್ತೇನೆ. ಗುಂಡಿ ತೋಡಿ, ಬೆಳಗಿನ ಬೆಳಕಿನಲ್ಲಿ ಪದರ ಪದರ ಕಾಣುವ ಹಾಗೆ ಫೋಟೊ ತೆಗೆದೆ. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟಿದ್ದೆ. ಪ್ರತಿ ಪದರಕ್ಕೂ ಮನ್ಸೆಲ್ ಚಾರ್ಟ್, ಅಂದರೆ ಮಣ್ಣಿನ ಬಣ್ಣ ಹೋಲಿಸಿ ಗುರುತಿಸುವ ಪಟ್ಟಿ ನೋಡಿ ಬಣ್ಣದ ಸಂಖ್ಯೆ ಬರೆದೆ. ಪೋಸ್ಟರ್ ಮುಂದೆ ಜನ ನಿಂತದ್ದು ಆ ಫೋಟೊ ನೋಡಿಯೇ. ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪನ್ನು ಅವರಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿರುವುದಿಲ್ಲ.

ಪೋಸ್ಟರನ್ನು ಬಟ್ಟೆ ಮೇಲೆ ಪ್ರಿಂಟ್ ಹಾಕಿಸಿ. ಮಡಚಿ ಕೈಚೀಲದಲ್ಲೇ ಇಡಬಹುದು. ಉದ್ದನೆಯ ಕೊಳವೆ ಹೊತ್ತುಕೊಂಡು ಎರಡು ವಿಮಾನ ಹತ್ತಿಳಿಯುವ ಕಷ್ಟ ಯಾಕೆ? ಅಳತೆಯನ್ನು ಮಾತ್ರ ಆಯೋಜಕರ ಸೂಚನೆ ನೋಡಿಯೇ ಮಾಡಿಸಿ, ಅಂಗಡಿಯವರ ಅಂದಾಜಿಗೆ ಬಿಡಬೇಡಿ.

ವೀಸಾಕ್ಕೆ ಇವತ್ತೇ ಕೆಲಸ ಶುರು ಮಾಡಿ. ನಿಮಗೆ ಬೇಕಿರುವುದು ಆಸ್ಟ್ರಿಯಾದ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ. ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕಡೇ ಪಕ್ಷ 15 ದಿನ ಮೊದಲು ಕೊಟ್ಟಿರಲೇಬೇಕು. ಆದರೆ ಆ 15 ದಿನ ನಂಬಿ ಕೂರಬೇಡಿ. ಏಪ್ರಿಲ್ ಹತ್ತಿರ ಬಂದ ಹಾಗೆ ಸ್ಲಾಟ್ ಸಿಗುವುದು ಕಷ್ಟ. ಆಹ್ವಾನ ಪತ್ರ, ವಿಶ್ವವಿದ್ಯಾಲಯದಿಂದ ರಜೆ ಮತ್ತು ಖರ್ಚಿನ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ವಾಪಸ್ ಬಂದ ದಿನದ ಆಚೆಗೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು.

ವಿಮಾನ ಬುಕ್ ಮಾಡುವಾಗ ಒಂದು ಗಮನಿಸಿ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ವಿಮಾನ ಬದಲಿಸಿದರೆ ಷೆಂಗೆನ್ ಗಡಿ ತಪಾಸಣೆ ಅಲ್ಲೇ ಆಗುತ್ತದೆ, ವಿಯೆನ್ನಾದಲ್ಲಲ್ಲ. ಸಾಲು ಉದ್ದ ಇರುತ್ತದೆ. ಒಂದು ಗಂಟೆ ಅಂತರದ ವಿಮಾನ ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಳ್ಳಬೇಡಿ. ಎರಡೂವರೆ, ಮೂರು ಗಂಟೆ ಇರಲಿ. ಆಹ್ವಾನ ಪತ್ರ ಮತ್ತು ಹೋಟೆಲ್ ವಿಳಾಸದ ಪ್ರಿಂಟ್ ಕೈಯಲ್ಲೇ ಇರಲಿ.

ಸಮ್ಮೇಳನ ನಡೆಯುವುದು ಆಸ್ಟ್ರಿಯಾ ಸೆಂಟರ್‌ನಲ್ಲಿ, ವಿಶ್ವಸಂಸ್ಥೆ ಕಟ್ಟಡಗಳ ಪಕ್ಕ, ಡ್ಯಾನ್ಯೂಬ್ ನದಿಯ ಆಚೆ ದಡ. ಮೆಟ್ರೊ ನಿಲ್ದಾಣದ ಹೆಸರು ಕೈಸರ್‌ಮ್ಯೂಲೆನ್. ಅದು ಯು1 ಅನ್ನುವ ಕೆಂಪು ದಾರಿಯಲ್ಲಿದೆ. ಆದ್ದರಿಂದ ರೂಮು ಯು1 ದಾರಿಯಲ್ಲೇ ಹಿಡಿಯಿರಿ. ಸೆಂಟರ್ ಪಕ್ಕದ ಹೋಟೆಲ್‌ಗಳ ಬಾಡಿಗೆ ಆ ವಾರ ಏರಿರುತ್ತದೆ. ನಾನು ಎರಡನೇ ಸಲ ಉಳಿದದ್ದು ದಕ್ಷಿಣದ ಫಾವೊರಿಟನ್ ಕಡೆ. ಬಾಡಿಗೆ ಕಡಿಮೆ, ತರಕಾರಿ ಅಂಗಡಿ ಜಾಸ್ತಿ, ಕೂತರೆ ನೇರ ಸಮ್ಮೇಳನಕ್ಕೆ.

ಏರ್‌ಪೋರ್ಟ್‌ನಿಂದ ಹಸಿರು ಬಣ್ಣದ ವಿಶೇಷ ರೈಲಿನ ಜಾಹೀರಾತು ಕಣ್ಣಿಗೆ ಬೀಳುತ್ತದೆ. 16 ನಿಮಿಷಕ್ಕೆ ಒಯ್ಯುತ್ತದೆ, ಆದರೆ ಟಿಕೆಟ್ ದುಬಾರಿ, ಬಿಡುವುದೂ ಯು1 ಇಲ್ಲದ ಕಡೆ. ನಿಮಗೆ ಅದು ಬೇಡ. ಆಸ್ಟ್ರಿಯಾ ರೈಲ್ವೆಯ ಮಾಮೂಲಿ ರೈಲು ಹತ್ತಿ ಹೌಪ್ಟ್‌ಬಾನ್‌ಹೋಫ್‌ಗೆ, ಅಂದರೆ ಮುಖ್ಯ ನಿಲ್ದಾಣಕ್ಕೆ ಬನ್ನಿ. ಅದಕ್ಕೂ ಕಾಲು ಗಂಟೆಯೇ. ಅಲ್ಲಿ ಕೆಳಗಿಳಿದರೆ ಯು1. ವಾರದ ಪಾಸ್ ತೆಗೆದುಕೊಳ್ಳಿ, ಯಾವ ದಿನದಿಂದ ಯಾವ ದಿನದವರೆಗೆ ನಡೆಯುತ್ತದೆ ಅಂತ ಓದಿಕೊಂಡು ಕೊಳ್ಳಿ. ಏರ್‌ಪೋರ್ಟ್ ನಗರದ ವಲಯದಿಂದ ಹೊರಗಿದೆ, ಆ ತುಂಡಿಗೆ ಬೇರೆ ಟಿಕೆಟ್ ಬೇಕು.

ಮೆಟ್ರೊದಲ್ಲಿ ನಮ್ಮ ಬೆಂಗಳೂರಿನ ಹಾಗೆ ಗೇಟ್ ಇರುವುದಿಲ್ಲ. ಯಾರೂ ತಡೆಯುವುದಿಲ್ಲ ಅಂತ ಸುಮ್ನೆ ಒಳಗೆ ನಡೆದುಬಿಡಬೇಡಿ. ಕಾಗದದ ಟಿಕೆಟ್ ಆದರೆ ಪ್ರವೇಶದಲ್ಲಿರುವ ನೀಲಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ. ಮಾಮೂಲಿ ಬಟ್ಟೆಯಲ್ಲೇ ತಪಾಸಣೆಯವರು ಬರುತ್ತಾರೆ, ದಂಡ ನೂರು ಯೂರೋ ದಾಟುತ್ತದೆ. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಲ್ಲಿ, ಎಡಭಾಗ ನಡೆದು ಹೋಗುವವರಿಗೆ.

ಈಗ ಊಟ. ನಿಮ್ಮ ದೊಡ್ಡ ಚಿಂತೆ ಇದೇ ಅಲ್ವಾ? ಮೊಟ್ಟೆ ತಿನ್ನದವರಿಗೆ ಅಲ್ಲಿ ಒಂದು ದೊಡ್ಡ ಅನುಕೂಲ ಇದೆ. ಹೋಟೆಲ್ ಮೆನುವಿನಲ್ಲಿ ತಿಂಡಿಯ ಹೆಸರಿನ ಮುಂದೆ ಸಣ್ಣದಾಗಿ ಅಕ್ಷರಗಳಿರುತ್ತವೆ. ಅಲರ್ಜಿ ಇರುವವರಿಗಾಗಿ ಮಾಡಿದ್ದು. 'ಎ' ಅಂದರೆ ಗೋಧಿಯಂಥ ಧಾನ್ಯ, 'ಸಿ' ಅಂದರೆ ಮೊಟ್ಟೆ, 'ಡಿ' ಮೀನು, 'ಜಿ' ಹಾಲು. 'ಸಿ' ಕಂಡರೆ ಬಿಟ್ಟುಬಿಡಿ. ಮಾಂಸಕ್ಕೆ ಮಾತ್ರ ಅಕ್ಷರ ಇಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು. 'ಓನೆ ಫ್ಲೈಶ್' ಅಂದರೆ ಮಾಂಸ ಇಲ್ಲದ್ದು, 'ಓನೆ ಐ' ಅಂದರೆ ಮೊಟ್ಟೆ ಇಲ್ಲದ್ದು. ಒಂದು ಚೀಟಿಯಲ್ಲಿ ಜರ್ಮನ್ ಅಕ್ಷರದಲ್ಲೇ ಬರೆಸಿಕೊಂಡು ತೋರಿಸಿದರೆ ಇನ್ನೂ ಸುಲಭ.

ಹೆಸರು ನೋಡಿ ಮೋಸ ಹೋಗಬೇಡಿ. 'ಕೇಸೆ' ಅಂದರೆ ಚೀಸ್. ಆದರೆ 'ಲೇಬರ್‌ಕೇಸೆ' ಪೂರ್ತಿ ಮಾಂಸ, 'ಕೇಸೆಕ್ರೈನರ್' ಚೀಸ್ ತುಂಬಿದ ಮಾಂಸದ ಸಾಸೇಜ್. ತೆಳ್ಳಗಿನ ಸೂಪುಗಳು ಬಹುಪಾಲು ದನದ ಮಾಂಸದ ಸಾರಿನಲ್ಲೇ ಆಗುತ್ತವೆ. ಆಲೂಗಡ್ಡೆ ಸಲಾಡ್‌ಗೂ ಅದೇ ಸಾರು ಹಾಕುವುದುಂಟು, ಕೇಳದೆ ತಿನ್ನಬೇಡಿ. ಅಂದಹಾಗೆ ಆಲೂಗಡ್ಡೆಗೆ ಅಲ್ಲಿ 'ಎರ್ಡ್‌ಎಪ್ಫೆಲ್' ಅನ್ನುತ್ತಾರೆ, ಮಣ್ಣಿನ ಸೇಬು ಅಂತ ಅರ್ಥ. ನನಗೆ ಆ ಹೆಸರು ತುಂಬ ಹಿಡಿಸಿತು. ನೆಮ್ಮದಿಯಾಗಿ ತಿನ್ನಬಹುದಾದದ್ದು ಫಲಾಫಲ್ ರೋಲ್, ಸೂಪರ್‌ಮಾರ್ಕೆಟ್‌ನ ಬ್ರೆಡ್ಡು, ಮೊಸರು, ಹಣ್ಣು. ಮೊಸರು ಗಟ್ಟಿ, ಚೆನ್ನಾಗಿರುತ್ತದೆ. ಬೆಳಿಗ್ಗೆಗೆ ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಒಯ್ಯಿರಿ. ರೂಮಿನಲ್ಲಿ ಕೆಟಲ್ ಇದೆಯಾ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಸಣ್ಣದೊಂದು ಒಯ್ಯಿರಿ. ಕರೆಂಟ್ 230 ವೋಲ್ಟೇ. ನಮ್ಮ ಮೂರು ದಪ್ಪ ಕಡ್ಡಿಯ ಪ್ಲಗ್ ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು. ಫೋನಿನ ಎರಡು ಸಣ್ಣ ಕಡ್ಡಿಯ ಚಾರ್ಜರ್ ಹಿಡಿಯುತ್ತದೆ.

2019ರಲ್ಲಿ ನಾನು ಇಳಿದದ್ದು ಭಾನುವಾರ ಮಧ್ಯಾಹ್ನ. ರೂಮಿನ ಸುತ್ತ ಮುಕ್ಕಾಲು ಗಂಟೆ ನಡೆದೆ, ಒಂದು ಅಂಗಡಿಯೂ ತೆರೆದಿರಲಿಲ್ಲ. ಆ ರಾತ್ರಿ ಅವಲಕ್ಕಿಯೇ ಕಾಪಾಡಿತು. ವಿಯೆನ್ನಾದಲ್ಲಿ ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ಶನಿವಾರ ಸಂಜೆ ಆರಕ್ಕೇ ಬಾಗಿಲು ಹಾಕುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನವು ಮಾತ್ರ ತೆರೆದಿರುತ್ತವೆ. ಹೌಪ್ಟ್‌ಬಾನ್‌ಹೋಫ್ ಮತ್ತು ಪ್ರಾಟರ್‌ಸ್ಟರ್ನ್ ಎರಡೂ ಯು1 ದಾರಿಯಲ್ಲೇ ಇವೆ.

ನೀರು ಕೊಳ್ಳಬೇಡಿ. ನಲ್ಲಿ ನೀರನ್ನೇ ಬಾಟಲಿಗೆ ತುಂಬಿಸಿ. ಆಲ್ಪ್ಸ್ ಬೆಟ್ಟದ ಚಿಲುಮೆಗಳಿಂದ ಕೊಳವೆಯಲ್ಲಿ ಬರುವ ನೀರದು. ಮೊದಲ ಸಾಲು 1873ರದು, ಎರಡನೆಯದು 1910ರದು. ಬೆಟ್ಟದಿಂದ ನಗರಕ್ಕೆ ಇಳಿಜಾರಿನಲ್ಲೇ ಹರಿದು ಬರುತ್ತದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರಿನ ನೆನಪಾಗುತ್ತದೆ. ಕೊಂಡದ್ದೇ ಆದರೆ ಬಾಟಲಿ, ಕ್ಯಾನ್‌ಗೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತದೆ.

ಏಪ್ರಿಲ್‌ನಲ್ಲಿ ಒಂದು ದಿನ ಬಿಸಿಲು, ಮರುದಿನ ಚಳಿ ಗಾಳಿ. ಸೆಂಟರ್‌ನ ಎತ್ತರದ ಕಟ್ಟಡಗಳ ನಡುವೆ ಗಾಳಿ ಜೋರು, ಗಾಳಿ ತಡೆಯುವ ಜಾಕೆಟ್ ಇರಲಿ. ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ ಒಯ್ಯಿರಿ. ಅಲ್ಲಿ ಆಂಟಿಬಯಾಟಿಕ್ ಚೀಟಿ ಇಲ್ಲದೆ ಕೊಡುವುದಿಲ್ಲ. ಆಂಬುಲೆನ್ಸ್‌ಗೆ 144, ಯಾವುದೇ ತುರ್ತಿಗೆ 112. ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯಾ ಯೂರೋನಾ ಅಂತ ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ಹೆಚ್ಚು ಕಡಿತ ಆಗುತ್ತದೆ. ಸಣ್ಣ ಅಂಗಡಿಗಳಿಗೆ ಸ್ವಲ್ಪ ನಗದು ಇರಲಿ.

ಬಿಡುವಿನ ದಿನ ಅರಮನೆ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಬ್ರನೊ. ಹೌಪ್ಟ್‌ಬಾನ್‌ಹೋಫ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ. ಅದು ಚೆಕ್ ದೇಶ, ಆದರೆ ಅದೂ ಷೆಂಗೆನ್, ನಿಮ್ಮ ವೀಸಾನೇ ಸಾಕು. ತಳಿಶಾಸ್ತ್ರದ ಪಿತಾಮಹ ಮೆಂಡೆಲ್ ಬಟಾಣಿ ಬೆಳೆದ ಮಠ ಇರುವುದು ಅಲ್ಲೇ. 1851ರಿಂದ 53ರವರೆಗೆ ವಿಯೆನ್ನಾದಲ್ಲಿ ಓದಿ, ವಾಪಸ್ ಬಂದು 1856ರಿಂದ ಎಂಟು ವರ್ಷ ಆ ತೋಟದಲ್ಲಿ ಬಟಾಣಿಯ ಮೇಲೆ ಕೆಲಸ ಮಾಡಿದವರು. ನಿಲ್ದಾಣದಿಂದ 1ನೇ ನಂಬರ್ ಟ್ರಾಮ್ ಹಿಡಿದರೆ ಮೆಂಡೆಲ್ ಚೌಕಕ್ಕೆ ಬಿಡುತ್ತದೆ. ಅಂಗಳದಲ್ಲಿ ಅವರ ಗಾಜಿನ ಮನೆಯ ಹಳೆಯ ಅಡಿಪಾಯ ಇದೆ. ಅದನ್ನು ಹೆಜ್ಜೆಯಲ್ಲಿ ಅಳೆದು ನೋಡಿದೆ. ನಮ್ಮ ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಷ್ಟೂ ಇಲ್ಲ. ಅಲ್ಲಿ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಮೆಂಡೆಲ್ ಜೇನನ್ನೂ ಸಾಕಿದ್ದರು, ಗುಂಪಿನ ಜೇನು ಗೆಳೆಯರಿಗಾಗಿ ಫೋಟೊ ತನ್ನಿ. ಅಲ್ಲಿ ಕೊರುನಾ ನಡೆಯುತ್ತದೆ, ಯೂರೋ ಅಲ್ಲ. ಕಾರ್ಡ್ ಸಾಕಾಗುತ್ತದೆ. ಪಾಸ್‌ಪೋರ್ಟ್ ಮರೆಯಬೇಡಿ, ರೈಲಿನಲ್ಲಿ ಕೇಳಬಹುದು.

ಅಷ್ಟು ದೂರ ಹೋಗಲು ಸುಸ್ತು ಅನಿಸಿದರೆ ಬೆಲ್ವೆಡೇರ್ ಅರಮನೆ ಪಕ್ಕದ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಹೋಗಿ. 1754ರಲ್ಲಿ ಶುರುವಾದದ್ದು, ಪ್ರವೇಶಕ್ಕೆ ದುಡ್ಡಿಲ್ಲ.

ಅಲ್ಲಿಂದ ಬೀಜ ತರುವ ಆಸೆ ನಿಮಗೂ ಆಗುತ್ತದೆ, ನನಗೂ ಆಗಿತ್ತು. ಆದರೆ ನಮ್ಮ ದೇಶದ 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಅದಕ್ಕೆ ಆಮದು ಪರವಾನಗಿ ಬೇಕು. ಯಾವ ರೋಗ ಜೊತೆಯಲ್ಲಿ ಬರುತ್ತದೋ ಗೊತ್ತಾಗುವುದಿಲ್ಲ, ದಯವಿಟ್ಟು ತರಬೇಡಿ. ವೀಸಾಕ್ಕೆ ಬರೆಯುವ ಪತ್ರದ ಕರಡು ಆದ ಮೇಲೆ ಇಲ್ಲಿ ಹಾಕಿ, ಪಾಸ್‌ಪೋರ್ಟ್ ನಂಬರ್ ಮಾತ್ರ ಅಳಿಸಿರಿ. ನಾನು ಓದಿ ಹೇಳುತ್ತೇನೆ.