ಕಥೆ ನಾಲ್ಕನೇ ಪುಟದಲ್ಲೇ ನಿಂತುಹೋಗುತ್ತಿದ್ದರೆ
ಬರೆಯುತ್ತಿರುವ ಕಥೆ ನಾಲ್ಕನೇ ಪುಟ ದಾಟುತ್ತಿಲ್ಲ, ದಿನಾ ಮೊದಲಿನಿಂದ ಓದಿ ತಿದ್ದುತ್ತೇನೆ ಅಂತ ಹೇಳಿದ್ದೀರಿ. ಕಾರಣ ಬಹುಶಃ ಆ ತಿದ್ದುವ ಅಭ್ಯಾಸವೇ. ಬರೆಯುವ ಹುಮ್ಮಸ್ಸೆಲ್ಲ ಅಲ್ಲೇ ಖರ್ಚಾಗುತ್ತದೆ. ನಾಳೆಯಿಂದ ಹಿಂದಿನ ದಿನದ ಕೊನೆಯ ಪ್ಯಾರಾ ಮಾತ್ರ ಓದಿ, ಅಲ್ಲಿಂದ ಮುಂದಕ್ಕೆ ಬರೆಯಿರಿ. ತಪ್ಪು ಕಂಡರೆ ಪಕ್ಕದಲ್ಲಿ ಗುರುತು ಹಾಕಿ, ಸುಮ್ನೆ ಬಿಟ್ಟುಬಿಡಿ. ಮುಂದೇನು ಅಂತ ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಿ. ಆಗ ಮಾರನೇ ದಿನ ಖಾಲಿ ಹಾಳೆ ನೋಡುತ್ತಾ ಕೂರುವ ಪಾಡು ಇರುವುದಿಲ್ಲ.

ಹೀಗೆ ಮಾಡಿಯೂ ಅದೇ ಜಾಗದಲ್ಲಿ ನಿಂತರೆ ತೊಂದರೆ ಬೇರೆ ಇರಬಹುದು. ನಿಮ್ಮ ಪಾತ್ರಕ್ಕೆ ಏನು ಬೇಕು, ಅದಕ್ಕೆ ಅಡ್ಡ ಬಂದಿರುವುದೇನು ಅಂತ ಒಂದೊಂದು ಸಾಲಿನಲ್ಲಿ ಬರೆದು ನೋಡಿ. ಬರೆಯಲಾಗದಿದ್ದರೆ ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಿ. ಮುಗಿಯುವವರೆಗೆ ಯಾರಿಗೂ ತೋರಿಸಬೇಡಿ. ಮುಗಿದ ಮೇಲೆ, ಎಲ್ಲಿ ಬೇಜಾರಾಯಿತು ಅಂತ ಮುಲಾಜಿಲ್ಲದೆ ಹೇಳುವ ಒಬ್ಬರಿಗೆ ಕೊಡಿ.